ಫ್ರಾನ್ಸಿಸ್ ಡೇ: ನಮ್ಮ ಹೊಳೆ, ಕಡಲುಗಳ ಮೀನಿನ ಲೆಕ್ಕ ಬರೆದ ಸೇನಾ ವೈದ್ಯ



ಮುಂಗಾರಿನ ಮೊದಲ ದೊಡ್ಡ ಮಳೆ ಬಿದ್ದು ಹಳ್ಳಗಳು ಕೆಂಪಾಗಿ ಹರಿಯತೊಡಗಿದ ರಾತ್ರಿ ಆಯನೂರು, ಕುಂಸಿ, ಹಾರನಹಳ್ಳಿ ಕಡೆಯ ಗದ್ದೆ ಬಯಲುಗಳಲ್ಲಿ ಬ್ಯಾಟರಿಯ ಬೆಳಕು ಓಡಾಡುವುದನ್ನು ನೀವು ಕಂಡಿರುತ್ತೀರಿ. ಅದು ಹತ್ತುಮೀನಿನ ಕಾಲ. ಹೊಳೆ, ಕೆರೆಗಳಲ್ಲಿದ್ದ ಮೀನು ಹೊಟ್ಟೆ ತುಂಬ ಮೊಟ್ಟೆ ಹೊತ್ತು, ಹೊಸನೀರಿಗೆ ಎದುರಾಗಿ ಈಜುತ್ತ, ಗದ್ದೆಯ ಬದುವಿನವರೆಗೆ ಏರಿ ಬರುತ್ತದೆ. ಕೂಳಿ ಇಟ್ಟವರಿಗೂ ಕತ್ತಿ ಹಿಡಿದವರಿಗೂ ಆ ಒಂದೆರಡು ರಾತ್ರಿ ಸುಗ್ಗಿ. ಮಲೆನಾಡಿನ ಮನೆಗಳಲ್ಲಿ ಇದು ಬೇಟೆಗಿಂತ ಹೆಚ್ಚಾಗಿ ಹಬ್ಬವೆನಿಸಿಕೊಂಡಿದೆ. ಆದರೆ ಹೀಗೆ ಹಿಡಿದ ಒಂದೊಂದು ತಾಯಿಮೀನಿನ ಹೊಟ್ಟೆಯಲ್ಲಿ ಸಾವಿರಾರು, ಕೆಲವು ಜಾತಿಗಳಲ್ಲಿ ಲಕ್ಷಕ್ಕೂ ಮಿಕ್ಕಿದ ಮೊಟ್ಟೆಗಳಿರುತ್ತವೆ ಎಂಬ ಲೆಕ್ಕವನ್ನು ಸರ್ಕಾರದ ಮುಂದಿಟ್ಟು, ಈ ಸಂಪತ್ತು ಎಷ್ಟು ಕಾಲ ಉಳಿದೀತು ಎಂದು 150 ವರ್ಷಗಳ ಹಿಂದೆಯೇ ಕೇಳಿದವರೊಬ್ಬರಿದ್ದರು. ಅವರ ಹೆಸರು ಫ್ರಾನ್ಸಿಸ್ ಡೇ.

ನನ್ನ ವಿಷಯ ಬೇಸಾಯಶಾಸ್ತ್ರ, ಮೀನುಗಾರಿಕೆಯಲ್ಲ. ಆದರೂ ಡೇ ಅವರ ಬದುಕನ್ನು ನಿಮ್ಮ ಮುಂದಿಡಲು ಕಾರಣವಿದೆ. ಅಣೆಕಟ್ಟು ಕಟ್ಟಿದರೆ ಮೀನಿಗೆ ಏನಾಗುತ್ತದೆ, ಬೀಜದ ದಾಸ್ತಾನನ್ನೇ ಉಂಡರೆ ಮುಂದಿನ ಬೆಳೆ ಎಲ್ಲಿಂದ ಬರುತ್ತದೆ, ಒಂದೇ ಹೆಸರಿನ ಎರಡು ಮೀನು ನಿಜವಾಗಿ ಒಂದೇ ತಳಿಯೇ? ಅವರು ಎತ್ತಿದ ಈ ಪ್ರಶ್ನೆಗಳು ನೆಲ, ನೀರು, ತಳಿಯನ್ನು ನಂಬಿ ಬದುಕುವ ಎಲ್ಲರ ಪ್ರಶ್ನೆಗಳು.

ವೈದ್ಯನೊಬ್ಬ ಮೀನಿನ ಬೆನ್ನು ಹತ್ತಿದ ಬಗೆ

ಡೇ ಅವರು 1829ರ ಮಾರ್ಚ್ 2ರಂದು ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದ ಮೇರ್ಸ್‌ಫೀಲ್ಡ್‌ನಲ್ಲಿ ಜನಿಸಿದರು. ಲಂಡನ್ನಿನ ಸೇಂಟ್ ಜಾರ್ಜ್ ಆಸ್ಪತ್ರೆಯಲ್ಲಿ ವೈದ್ಯ ವ್ಯಾಸಂಗ ಮುಗಿಸಿ, 1852ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಮದರಾಸು ಸೇನೆಗೆ ಸಹಾಯಕ ಶಸ್ತ್ರವೈದ್ಯರಾಗಿ ಸೇರಿದರು. ಎರಡನೆಯ ಬರ್ಮಾ ಯುದ್ಧದಲ್ಲಿ ಗಾಯಾಳುಗಳ ಸೇವೆ, ಅನಂತರ ದಕ್ಷಿಣ ಭಾರತದ ದಂಡುಪಾಳೆಯಗಳಲ್ಲಿ ವೈದ್ಯಕೀಯ ಕೆಲಸ. ಅಲ್ಲಿಯವರೆಗಿನ ಬದುಕಿನಲ್ಲಿ ವಿಶೇಷವೇನೂ ಇಲ್ಲ. ಅಂಥ ನೂರಾರು ವೈದ್ಯರು ಆಗ ಈ ದೇಶದಲ್ಲಿದ್ದರು.

ತಿರುವು ಬಂದದ್ದು ಕೊಚ್ಚಿಯಲ್ಲಿ. ಹಿನ್ನೀರು, ಕಡಲು, ಭತ್ತದ ಗದ್ದೆ ಒಂದಕ್ಕೊಂದು ಬೆರೆತ ಆ ಸೀಮೆಯಲ್ಲಿ ಅವರು ಆಸ್ಪತ್ರೆಯ ಕೆಲಸದ ನಡುವೆ ಮೀನು ಮಾರುಕಟ್ಟೆಗೆ ಹೋಗತೊಡಗಿದರು. ಕೊಚ್ಚಿ ರಾಜ್ಯದ ಇತಿಹಾಸ, ಜನಜೀವನ, ಪ್ರಾಣಿಸಂಪತ್ತು ಕುರಿತ ಅವರ ಗ್ರಂಥ 1863ರಲ್ಲಿ ಪ್ರಕಟವಾಯಿತು. 1865ರಲ್ಲಿ ಮಲಬಾರಿನ ಮೀನುಗಳ ಬಗ್ಗೆ ಸಚಿತ್ರ ಗ್ರಂಥ ಹೊರಬಂದಿತು. ಮೀನಿನ ಚಿತ್ರಗಳನ್ನು ಅವರೇ ಬರೆಯುತ್ತಿದ್ದರು. ಹುರುಪೆಗಳ ಸಾಲು, ರೆಕ್ಕೆಯ ಮುಳ್ಳುಗಳ ಎಣಿಕೆ, ಹಲ್ಲಿನ ಜೋಡಣೆ ಯಾವುದೂ ಅಂದಾಜಿನದಲ್ಲ. ರೋಗಿಯ ನಾಡಿ ಹಿಡಿಯುವ ಶಿಸ್ತೇ ಮೀನಿನ ಪರೀಕ್ಷೆಯಲ್ಲೂ ಕಾಣುತ್ತದೆ.

ಇದೇ ಕಾಲದಲ್ಲಿ ಅವರೊಂದು ಸಾಹಸಕ್ಕೂ ಕೈಹಾಕಿದರು. ಇಂಗ್ಲೆಂಡಿನ ಮೀನುಗಳನ್ನು ಹಡಗಿನಲ್ಲಿ ತಂದು ನೀಲಗಿರಿಯ ಕೆರೆಗಳಲ್ಲಿ ಬಿಡುವ ಯೋಜನೆ ಅದು. 1866ರ ಪ್ರಯತ್ನದಲ್ಲಿ ಟ್ರೌಟ್ ಉಳಿಯಲಿಲ್ಲ. ಟೆಂಚ್ ಮುಂತಾದ ಒಂದೆರಡು ಬಗೆಯ ಮೀನು ಮಾತ್ರ ಬೆಟ್ಟ ಹತ್ತಿ ನೆಲೆಯಾದವು. ಹೊರಗಿನ ತಳಿಯನ್ನು ಸ್ಥಳೀಯ ನೀರಿಗೆ ಬಿಟ್ಟರೆ ಸ್ಥಳೀಯ ಮೀನಿನ ಗತಿ ಏನು ಎಂಬ ಯೋಚನೆ ಆ ತಲೆಮಾರಿಗೆ ಇರಲಿಲ್ಲ. ಡೇ ಅವರಿಗೂ ಆಗ ಇರಲಿಲ್ಲವೆಂದೇ ಹೇಳಬೇಕು.

ಅಣೆಕಟ್ಟಿನ ಪ್ರಶ್ನೆ

ಗೋದಾವರಿ ಅಣೆಕಟ್ಟಿನಿಂದ ಹೆಸರಾದ ನೀರಾವರಿ ಎಂಜಿನಿಯರ್ ಸರ್ ಆರ್ಥರ್ ಕಾಟನ್ ಅವರನ್ನು ನೀವು ಕೇಳಿರುತ್ತೀರಿ. ಅಚ್ಚರಿಯ ಸಂಗತಿಯೆಂದರೆ, ಮದರಾಸು ಪ್ರಾಂತದ ನದಿಗಳಿಗೆ ಅಡ್ಡಲಾಗಿ ಕಟ್ಟಿದ ಒಡ್ಡುಗಳು ಮೀನಿನ ಸಂಚಾರಕ್ಕೆ ತಡೆಯಾಗಿವೆಯೇ ಎಂಬ ಸಂಶಯವನ್ನು 1867ರಲ್ಲಿ ಸರ್ಕಾರದ ಗಮನಕ್ಕೆ ತಂದವರು ಅವರೇ. ಒಡ್ಡು ಕಟ್ಟಿದವರೇ ಒಡ್ಡಿನ ದೋಷ ಕೇಳಿದ ಇಂಥ ಉದಾಹರಣೆಗಳು ನಮ್ಮ ಆಡಳಿತದ ಇತಿಹಾಸದಲ್ಲಿ ಹೆಚ್ಚಿಲ್ಲ. ತನಿಖೆಯ ಕೆಲಸ ಡೇ ಅವರ ಪಾಲಿಗೆ ಬಂದಿತು.

ಅವರು ನದಿಗಳ ದಂಡೆ ಹಿಡಿದು ತಿರುಗಿದರು. ಕಾವೇರಿಯ ಕವಲಾದ ಕೊಳ್ಳಿಡಂ ನದಿಯಲ್ಲಿ, ಕಡಲಿನಿಂದ ಸಿಹಿನೀರಿಗೆ ಏರಿ ಮೊಟ್ಟೆಯಿಡುವ ಹಿಲ್ಸಾ ಮೀನು ಒಡ್ಡಿನ ಬುಡಕ್ಕೆ ಬಂದು ನಿಲ್ಲುತ್ತಿತ್ತು. ಮುಂದೆ ದಾರಿಯಿಲ್ಲ, ಹಿಂದಕ್ಕೆ ಮನಸ್ಸಿಲ್ಲ. ಬೆಸ್ತರು ಅಲ್ಲೇ ಬಲೆ ಬೀಸುತ್ತಿದ್ದರು. ಒಡ್ಡಿನ ಬುಡದಲ್ಲಿ ಮೀನು ಹಿಡಿಯುವುದನ್ನು ನಿಲ್ಲಿಸಬೇಕು, ಒಡ್ಡಿನಲ್ಲಿ ಮೀನು ದಾಟಿಹೋಗಲು ಕಂಡಿ ಬಿಡಬೇಕು ಎಂಬುದು ಡೇ ಅವರ ಸಲಹೆಗಳಲ್ಲಿ ಮುಖ್ಯವಾದವು.

ತುಂಗಾ ಹೊಳೆಗೆ ಗಾಜನೂರಿನಲ್ಲಿ, ಭದ್ರಾ ಹೊಳೆಗೆ ಲಕ್ಕವಳ್ಳಿಯಲ್ಲಿ ಕಟ್ಟಿದ ಅಣೆಕಟ್ಟುಗಳ ನೀರಿನಲ್ಲಿ ಬೆಳೆ ತೆಗೆಯುವ ನಮಗೆ ಈ ಪ್ರಶ್ನೆ ದೂರದ್ದಲ್ಲ. ಮಲೆನಾಡಿನ ಹೊಳೆಗಳಲ್ಲಿ ಬೆಳೆಯುವ ಹಾವುಮೀನು ಮೊಟ್ಟೆಯಿಡುವುದು ಸಮುದ್ರದಲ್ಲಿ. ಅದರ ಮರಿ ಕೃಷ್ಣೆಯ ಬಾಯಿಂದ ತುಂಗೆಯವರೆಗೆ ಏರಿ ಬರಬೇಕಾದರೆ ದಾರಿಯಲ್ಲಿ ಎಷ್ಟು ಗೋಡೆಗಳಿವೆ ಎಂದು ನೀವೇ ಎಣಿಸಿ ನೋಡಿ. ನೀರಾವರಿ ಬೇಡವೆಂದು ಡೇ ಎಲ್ಲಿಯೂ ವಾದಿಸಲಿಲ್ಲ. ನೀರು ಹಂಚುವಾಗ ಮೀನಿನ ಪಾಲನ್ನೂ ಲೆಕ್ಕಕ್ಕೆ ಹಿಡಿಯಿರಿ ಎಂಬುದಷ್ಟೇ ಅವರ ವಾದ.

1871ರಲ್ಲಿ ಅವರನ್ನು ಭಾರತದ ಮೀನುಗಾರಿಕೆಯ ಮಹಾನಿರೀಕ್ಷಕರನ್ನಾಗಿ ನೇಮಿಸಲಾಯಿತು. 1877ರವರೆಗೆ ಆ ಹುದ್ದೆಯಲ್ಲಿದ್ದರು. ಸಿಂಧ್‌ನಿಂದ ಬರ್ಮಾವರೆಗೆ, ಹಿಮಾಲಯದ ತಪ್ಪಲಿನಿಂದ ಮಲಬಾರಿನವರೆಗೆ ಸುತ್ತಾಡಿದ ಕಾಲ ಅದು. ಸಿಹಿನೀರಿನ ಮೀನುಗಾರಿಕೆ ಕುರಿತು ಒಂದು, ಕಡಲ ಮೀನುಗಾರಿಕೆ ಕುರಿತು ಇನ್ನೊಂದು, ಹೀಗೆ ಎರಡು ದೊಡ್ಡ ವರದಿಗಳನ್ನು 1873ರಲ್ಲಿ ಸಲ್ಲಿಸಿದರು. ಸಿಹಿನೀರಿನ ವರದಿಗಾಗಿ ಅವರು ಅನುಸರಿಸಿದ ಕ್ರಮ ವಿಸ್ತರಣಾ ಕಾರ್ಯಕರ್ತರಿಗೆ ಚಿರಪರಿಚಿತವೆನಿಸೀತು. ಜಿಲ್ಲೆ ಜಿಲ್ಲೆಯ ಅಧಿಕಾರಿಗಳಿಗೂ ತಹಸೀಲ್ದಾರರಿಗೂ ಒಂದೇ ಬಗೆಯ ಪ್ರಶ್ನಾವಳಿ ಕಳುಹಿಸಿದರು. ಜನರಲ್ಲಿ ಮೀನು ತಿನ್ನುವವರ ಪ್ರಮಾಣ ಎಷ್ಟು, ಪೇಟೆಗೆ ಸಾಕಷ್ಟು ಮೀನು ಬರುತ್ತದೆಯೇ, ಹಿಂದಿಗಿಂತ ಹೆಚ್ಚಿದೆಯೇ ಕಡಿಮೆಯಾಗಿದೆಯೇ, ಬಲೆಯ ಕಣ್ಣು ಎಷ್ಟು ಸಣ್ಣದು, ಗದ್ದೆಗಳಲ್ಲಿ ಮರಿಮೀನು ಹಿಡಿಯುತ್ತಾರೆಯೇ, ನೀರಿಗೆ ನಂಜು ಹಾಕುತ್ತಾರೆಯೇ ಎಂಬಂಥ ಪ್ರಶ್ನೆಗಳು. ಮೈಸೂರು, ಕೊಡಗುಗಳಿಂದಲೂ ಉತ್ತರ ತರಿಸಿಕೊಂಡರು.

ಬಂದ ಉತ್ತರಗಳಲ್ಲಿ ಒಂದು ಚಿತ್ರ ಮೂಡಿತು. ಮಳೆಗಾಲದ ಆರಂಭದಲ್ಲಿ ಏರಿ ಬರುವ ಬಸುರಿ ಮೀನನ್ನು ಕೂಳಿ, ತಡಿಕೆಗಳಿಂದ ಅಡ್ಡಗಟ್ಟುವುದು. ಮರಿ ಬಲಿಯುವ ಮುನ್ನವೇ ಗದ್ದೆಯ ನೀರು ಬಸಿದು ಬುಟ್ಟಿಗಟ್ಟಲೆ ಬಾಚುವುದು. ಬೇಸಿಗೆಯಲ್ಲಿ ಮಡುಗಳಲ್ಲಿ ಉಳಿದ ಮೀನಿಗೆ ಕಾಯಿ, ತೊಗಟೆಗಳ ನಂಜು ಕಲಸುವುದು. ಮೂರು ಕಾಲದಲ್ಲಿ ಮೂರು ಬಗೆಯ ಹೊಡೆತ. ರಾಗಿ ಕಣಜದಲ್ಲಿ ಬಿತ್ತನೆಗೆಂದು ಇಟ್ಟದ್ದನ್ನೂ ಬೀಸಿ ಉಂಡಂತೆ ಇದು.

ಇಲ್ಲಿ ಡೇ ಅವರ ಮಿತಿಯನ್ನೂ ಹೇಳಬೇಕು. ಅವರ ವರದಿಯಲ್ಲಿ ತಪ್ಪಿನ ಬಹುಪಾಲು ಹೊರೆ ಬಿದ್ದದ್ದು ಹಳ್ಳಿಯ ಬಡವರ ಮೇಲೆ. ಗದ್ದೆಯಲ್ಲಿ ಹಿಡಿ ಮೀನು ಬಾಚಿದ ಹೆಂಗಸಿಗೆ ಅದು ಆ ದಿನದ ಸಾರು ಎಂಬುದು ಅವರ ಲೆಕ್ಕದಲ್ಲಿ ಅಷ್ಟಾಗಿ ಕಾಣುವುದಿಲ್ಲ. ಕಾನೂನು ಬಂದರೆ ಅದರ ನೆಪದಲ್ಲಿ ಕೆಳಹಂತದ ನೌಕರರು ಜನರನ್ನು ಕಾಡಿಯಾರು ಎಂದು ಅನೇಕ ಅಧಿಕಾರಿಗಳೇ ವಿರೋಧಿಸಿದರು. ಆ ಆತಂಕ ಪೊಳ್ಳಾಗಿರಲಿಲ್ಲ. ಹೀಗೆ ಮಾತು ಬೆಳೆದು ಡೇ ಅವರ ಸಲಹೆಗಳು ವರ್ಷಗಟ್ಟಲೆ ಕಡತದಲ್ಲೇ ಉಳಿದವು. ಭಾರತೀಯ ಮೀನುಗಾರಿಕೆ ಕಾಯ್ದೆ ಜಾರಿಗೆ ಬಂದದ್ದು 1897ರಲ್ಲಿ, ಅವರು ತೀರಿಕೊಂಡು ಎಂಟು ವರ್ಷಗಳಾದ ಮೇಲೆ. ಸಿಡಿಮದ್ದು ಹಾಗೂ ನಂಜಿನಿಂದ ಮೀನು ಕೊಲ್ಲುವುದನ್ನು ಆ ಕಾಯ್ದೆ ಅಪರಾಧವೆಂದು ಸಾರಿತು. ಬಲೆಯ ಕಣ್ಣಿನ ಅಳತೆ, ಅಡ್ಡಗಟ್ಟೆಗಳ ಬಗ್ಗೆ ನಿಯಮ ಮಾಡುವ ಅಧಿಕಾರವನ್ನು ಪ್ರಾಂತಗಳಿಗೆ ಕೊಟ್ಟಿತು.

ಕಡಲ ವರದಿಯಿಂದ ಆದ ಲಾಭ ಹೆಚ್ಚು ನೇರವಾದದ್ದು. ಆಗ ಉಪ್ಪು ಸರ್ಕಾರದ ಹಿಡಿತದಲ್ಲಿತ್ತು, ದುಬಾರಿಯಾಗಿತ್ತು. ಬೆಸ್ತರು ಉಪ್ಪುಮಣ್ಣಿನಲ್ಲಿ ಮೀನು ಒಣಗಿಸುತ್ತಿದ್ದರು. ಅದು ಬೇಗ ಕೆಡುತ್ತಿತ್ತು, ತಿಂದವರಿಗೆ ಕಾಯಿಲೆ ತರುತ್ತಿತ್ತು. ಮೀನು ಒಣಗಿಸಲು ಕಡಿಮೆ ಬೆಲೆಗೆ ಉಪ್ಪು ಒದಗಿಸಬೇಕೆಂಬ ಒತ್ತಾಯದಿಂದಾಗಿ 1870ರ ದಶಕದಲ್ಲಿ ಮದರಾಸು ಪ್ರಾಂತದ ಕರಾವಳಿಯಲ್ಲಿ ಮೀನು ಉಪ್ಪುಹಾಕುವ ಕಟ್ಟೆಗಳು ಆರಂಭವಾದವು. ದಕ್ಷಿಣ ಕನ್ನಡವೂ ಆಗ ಅದೇ ಪ್ರಾಂತಕ್ಕೆ ಸೇರಿತ್ತು. ಘಟ್ಟ ಹತ್ತಿ ಬರುವ ಒಣಮೀನು ನಮ್ಮ ಕಡೆಯ ಮಳೆಗಾಲದ ಊಟದಲ್ಲಿ ಯಾವ ಸ್ಥಾನ ಪಡೆದಿದೆ ಎಂದು ಆಯನೂರಿನ ಓದುಗರಿಗೆ ವಿವರಿಸಬೇಕಾಗಿಲ್ಲ.

ದಕ್ಷಿಣ ಕನ್ನಡದ ನಂಟು

ಡೇ ಅವರ ಕೆಲಸಕ್ಕೆ ಕನ್ನಡ ನಾಡಿನಲ್ಲಿ ಸಿಕ್ಕ ದೊಡ್ಡ ನೆರವು ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ಅವರದು. ಥಾಮಸ್ ಗಾಳ ಹಾಕುವುದರಲ್ಲಿ ನಿಪುಣರು. ಜಿಲ್ಲೆಯ ಮೀನು ಸಾಕಣೆ ಕುರಿತು 1870ರಲ್ಲಿ ವರದಿ ಬರೆದವರು. ಭಾರತದಲ್ಲಿ ಗಾಳದ ಬೇಟೆ ಕುರಿತ ಅವರ ಪ್ರಸಿದ್ಧ ಪುಸ್ತಕ 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ಘಟ್ಟದ ಪಶ್ಚಿಮ ಇಳಿಜಾರಿನ ಹೊಳೆಗಳ ಹಲವು ಮೀನುಗಳನ್ನು ವಿಜ್ಞಾನಕ್ಕೆ ಮೊದಲು ಪರಿಚಯಿಸಿದವರು ಡೇ. ಅವುಗಳಲ್ಲೊಂದಕ್ಕೆ 1874ರಲ್ಲಿ ಥಾಮಸ್ ಅವರ ಹೆಸರನ್ನೇ ಇಟ್ಟರು.

1870ರಲ್ಲಿ ದಕ್ಷಿಣ ಕನ್ನಡದ ಮಾದರಿಗಳಿಂದ ಅವರು ವರ್ಣಿಸಿದ ಇನ್ನೊಂದು ಮೀನು ಪುಂಟಿಯಸ್ ಪುಲ್ಚೆಲ್ಲಸ್. ತುಂಗಾ, ಭದ್ರಾ, ತುಂಗಭದ್ರಾ ಹೊಳೆಗಳಲ್ಲಿ ನಾವು ಹರಗಿ ಎಂದು ಕರೆಯುವ ಮೀನನ್ನು ವಿಜ್ಞಾನಿಗಳು ಬಹುಕಾಲ ಈ ಹೆಸರಿನಿಂದಲೇ ಗುರುತಿಸಿದರು. ನೀರುಗಳೆ, ಹುಲ್ಲು ಮೇಯುವ ಗೆಂಡೆ ಜಾತಿಯ ಈ ಸ್ಥಳೀಯ ಮೀನು ಈಗ ಅಪರೂಪವಾಗಿದೆ. ಸಾಕಣೆಯಲ್ಲಿ ಅದರ ಮರಿ ಮಾಡಿಸಲು ಹೆಸರಘಟ್ಟದ ಮೀನು ಸಂಶೋಧನಾ ಕೇಂದ್ರ ಶ್ರಮಿಸಿದೆ. ಇಲ್ಲಿಯೇ ತೊಡಕು ಹುಟ್ಟುವುದು. ಘಟ್ಟದ ಪಶ್ಚಿಮಕ್ಕೆ ಹರಿದು ಅರಬ್ಬಿ ಸಮುದ್ರ ಸೇರುವ ಹೊಳೆಯ ಮೀನು, ಪೂರ್ವಕ್ಕೆ ಹರಿದು ಕೃಷ್ಣೆ ಸೇರುವ ಹೊಳೆಯ ಮೀನು ಒಂದೇ ಆಗಿರಲು ಸಾಧ್ಯವೇ? ನಡುವೆ ಬೆಟ್ಟದ ಸಾಲಿದೆ. ಹತ್ತಿರದ ಈ ಗುಂಪಿನ ಹೆಸರುಗಳನ್ನು ತಜ್ಞರು ಇತ್ತೀಚೆಗೆ ಡೇ ಅವರ ಮೂಲ ವರ್ಣನೆಗೆ ಹೋಲಿಸಿ ಮರುಪರಿಶೀಲಿಸುತ್ತಿದ್ದಾರೆ. ಇದನ್ನು ಪಂಡಿತರ ಜಗಳವೆಂದು ತಳ್ಳಿಹಾಕಬೇಡಿ. ತಪ್ಪು ಗುರುತಿನ ತಾಯಿಮೀನಿನಿಂದ ಮರಿ ಮಾಡಿಸಿ ಹೊಳೆಗೆ ಬಿಟ್ಟರೆ, ಉಳಿಸಬೇಕೆಂದಿದ್ದ ತಳಿಯನ್ನೇ ಬೆರಕೆ ಮಾಡಿ ಕಳೆದುಕೊಂಡಂತಾಗುತ್ತದೆ. ಗಂಧಸಾಲೆಯ ಬಿತ್ತನೆಗೆ ಬೇರೆ ಭತ್ತ ಬೆರೆತರೆ ನೀವು ಸುಮ್ಮನಿರುತ್ತೀರಾ?

ಒಂದು ಜಾತಿಯೇ, ಹಲವು ಜಾತಿಗಳೇ?

ನಿವೃತ್ತಿಯ ಸುಮಾರಿಗೆ ಡೇ ಅವರ ಮಹಾಗ್ರಂಥ ಫಿಶಸ್ ಆಫ್ ಇಂಡಿಯಾ ಹೊರಬಂದಿತು. 1875ರಿಂದ 1878ರವರೆಗೆ ಭಾಗಭಾಗವಾಗಿ ಪ್ರಕಟವಾದ ಅದರಲ್ಲಿ 200ರ ಹತ್ತಿರ ಚಿತ್ರಫಲಕಗಳಿವೆ. ವೈಜ್ಞಾನಿಕ ಹೆಸರಿನ ಜೊತೆಗೆ ತಮಿಳು, ತೆಲುಗು, ಮಲಯಾಳ, ಕನ್ನಡ ಮುಂತಾದ ಭಾಷೆಗಳಲ್ಲಿ ಮೀನಿಗಿರುವ ಹೆಸರನ್ನೂ ಅವರು ಸಿಕ್ಕಷ್ಟು ಬರೆದುಕೊಂಡರು. ಬೆಸ್ತರನ್ನು ಕೇಳದೆ ಸಿಗುವ ಮಾಹಿತಿಯಲ್ಲ ಅದು.

ಇಂಗ್ಲೆಂಡಿಗೆ ಮರಳಿ ಚೆಲ್ಟನ್‌ಹ್ಯಾಮ್‌ನಲ್ಲಿ ನೆಲೆಸಿದ ಮೇಲೆ ಅವರ ಬದುಕಿನ ಎರಡನೆಯ ಅಂಕ. ಬ್ರಿಟಿಷ್ ಮ್ಯೂಸಿಯಂನ ಮತ್ಸ್ಯತಜ್ಞ ಆಲ್ಬರ್ಟ್ ಗುಂಥರ್ ಅವರಿಗೂ ಡೇ ಅವರಿಗೂ ಆಗಿಬರುತ್ತಿರಲಿಲ್ಲ. ಗುಂಥರ್ ಬ್ರಿಟನ್ನಿನ ಟ್ರೌಟ್ ಮೀನುಗಳನ್ನು ಹಲವು ಜಾತಿಗಳಾಗಿ ವಿಂಗಡಿಸಿದ್ದರು: ಕಡಲಿಗೆ ಹೋಗುವುದು ಒಂದು, ಹೊಳೆಯಲ್ಲೇ ಇರುವುದು ಒಂದು, ಇಂಥ ಸರೋವರದ್ದು ಇನ್ನೊಂದು. ಡೇ ಒಪ್ಪಲಿಲ್ಲ. ಸ್ಕಾಟ್ಲೆಂಡಿನ ಹೋವಿಟೌನ್ ಮೀನುಮರಿ ಕೇಂದ್ರದಲ್ಲಿ ಸರ್ ಜೇಮ್ಸ್ ಮೇಟ್‌ಲ್ಯಾಂಡ್ ನಡೆಸುತ್ತಿದ್ದ ಸಂಕರಣ ಪ್ರಯೋಗಗಳನ್ನು ಅವರು ಹತ್ತಿರದಿಂದ ಅಧ್ಯಯನ ಮಾಡಿದರು. ಸಾಲ್ಮನ್ ಮತ್ತು ಟ್ರೌಟ್‌ಗಳನ್ನು ಕೂಡಿಸಿದರೆ ಮರಿ ಉಳಿಯುತ್ತದೆಯೇ, ಆ ಮರಿ ಮುಂದೆ ಸಂತಾನ ಕೊಡುತ್ತದೆಯೇ, ಒಂದು ಸರೋವರದ ಟ್ರೌಟ್ ಅನ್ನು ಬೇರೆ ನೀರಿಗೆ ಬಿಟ್ಟರೆ ಅದರ ಗುರುತುಗಳು ಉಳಿಯುತ್ತವೆಯೇ ಎಂದು ನೋಡಿದರು. ಲಾಕ್ ಲೆವೆನ್ ಸರೋವರದ ಟ್ರೌಟ್ ಬೇರೆ ನೀರಿನಲ್ಲಿ ಬೆಳೆದಾಗ ಅಲ್ಲಿನ ಟ್ರೌಟ್‌ನಂತೆಯೇ ಬದಲಾಗತೊಡಗಿತು. ಹಾಗಾದರೆ ಬಣ್ಣ, ಗಾತ್ರ, ಕರುಳಿನ ರಚನೆಗಳಲ್ಲಿನ ವ್ಯತ್ಯಾಸ ಬಹುಮಟ್ಟಿಗೆ ನೀರಿನದು, ಆಹಾರದ್ದು. ಜಾತಿ ಒಂದೇ ಎಂಬ ತೀರ್ಮಾನಕ್ಕೆ ಬಂದು, 1887ರಲ್ಲಿ ಅದನ್ನು ಗ್ರಂಥವಾಗಿ ಪ್ರಕಟಿಸಿದರು.

ಆಗ ಮೆಂಡೆಲ್ ಅವರ ಬಟಾಣಿ ಪ್ರಯೋಗ ಯಾರಿಗೂ ಗೊತ್ತಿಲ್ಲದೆ ಒಂದು ಪತ್ರಿಕೆಯಲ್ಲಿ ಮಲಗಿತ್ತು. ವಂಶವಾಹಿ ಎಂಬ ಪದವೇ ಇರಲಿಲ್ಲ. ಆದರೂ ಬೇಸಾಯಶಾಸ್ತ್ರದಲ್ಲಿ ನಾವು ಒಂದೇ ತಳಿಯನ್ನು ಬೇರೆ ಬೇರೆ ಮಣ್ಣಿನಲ್ಲಿ ಬೆಳೆದು, ತಳಿಯ ಗುಣ ಎಷ್ಟು, ನೆಲದ ಗುಣ ಎಷ್ಟು ಎಂದು ಬೇರ್ಪಡಿಸುವ ಕ್ರಮಕ್ಕೂ ಡೇ ಅವರ ತರ್ಕಕ್ಕೂ ವ್ಯತ್ಯಾಸವಿಲ್ಲ. ಒಂದು ಶತಮಾನದ ನಂತರದ ವಂಶವಾಹಿ ಪರೀಕ್ಷೆಗಳು ಅವರ ಮುಖ್ಯ ತೀರ್ಮಾನವನ್ನು ಎತ್ತಿಹಿಡಿದವು: ಕಡಲಿಗೆ ಹೋಗುವ ಟ್ರೌಟ್, ಹೊಳೆಯ ಟ್ರೌಟ್ ಒಂದೇ ಜಾತಿ. ಆದರೆ ಅವೇ ಪರೀಕ್ಷೆಗಳು ಇನ್ನೊಂದನ್ನೂ ತೋರಿಸಿದವು. ಐರ್ಲೆಂಡಿನ ಲಾಕ್ ಮೆಲ್ವಿನ್ ಎಂಬ ಒಂದೇ ಸರೋವರದಲ್ಲಿ ತಮ್ಮತಮ್ಮೊಳಗೇ ಕೂಡಿ ಸಂತಾನ ಬೆಳೆಸುವ ಮೂರು ಬಗೆಯ ಟ್ರೌಟ್‌ಗಳಿವೆ. ಅವುಗಳ ವಂಶ ಬೇರೆ ಬೇರೆಯಾಗಿಯೇ ಉಳಿದಿದೆ. ಜಾತಿ ಒಂದಾದರೂ ಒಳಗೆ ಕುಲಗಳಿವೆ ಎಂದಾಯಿತು. ಎಲ್ಲವನ್ನೂ ಒಂದು ಮಾಡುವ ಹುರುಪಿನಲ್ಲಿ ಡೇ ಇದನ್ನು ಗಮನಿಸದೆ ಹೋದರು. ಗುಂಥರ್ ಅವರ ಕಣ್ಣಿಗೆ ಬಿದ್ದದ್ದು ಬರಿಯ ಭ್ರಮೆಯೇನಲ್ಲ.

ನಮ್ಮ ಕಡಲಿಗೆ ಬಂದರೆ ಇದೇ ಪ್ರಶ್ನೆ ಬೂತಾಯಿ ಮೀನಿನ ರೂಪದಲ್ಲಿ ಎದುರಾಗುತ್ತದೆ. ಬೂತಾಯಿಯ ಎಣ್ಣೆ ತೆಗೆಯುವ ಉದ್ಯಮವನ್ನೂ, ಆ ಮೀನು ಒಂದು ವರ್ಷ ರಾಶಿಯಾಗಿ ಬಂದು ಇನ್ನೊಂದು ವರ್ಷ ಮಾಯವಾಗುವುದನ್ನೂ ಡೇ ಮಲಬಾರಿನಲ್ಲಿ ದಾಖಲಿಸಿದ್ದರು. ಅದರ ಏರಿಳಿತ ಇಂದಿಗೂ ನಿಂತಿಲ್ಲ. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು ಸುಮಾರು 3,300 ಟನ್ ಮಾತ್ರ. ಮಲ್ಪೆಯ ಬೂತಾಯಿ, ಕೊಚ್ಚಿಯ ಬೂತಾಯಿ ಒಂದೇ ಕೂಟದವಾದರೆ ಅಲ್ಲಿನ ಮರಿ ಹಿಡಿಯುವಿಕೆಯ ಪೆಟ್ಟು ಇಲ್ಲಿಗೂ ಬೀಳುತ್ತದೆ. ಬೇರೆಯಾದರೆ ನಿಯಮವೂ ಬೇರೆ ಬೇಕು. 1947ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ವಂಶವಾಹಿಗಳನ್ನು ಹೋಲಿಸಿ, ಭಾರತದ ತೀರದ ಬೂತಾಯಿಗೂ ಓಮನ್ ಕಡೆಯ ಬೂತಾಯಿಗೂ ಸ್ಪಷ್ಟ ಭೇದವಿದೆಯೆಂದು ಕಂಡುಕೊಂಡಿದ್ದಾರೆ. ನಮ್ಮ ಪಶ್ಚಿಮ ಕರಾವಳಿಯೊಳಗೆ ಅಂಥ ದೊಡ್ಡ ಗೋಡೆ ಕಾಣುವುದಿಲ್ಲ. ಹಾಗಾಗಿ ರಾಜ್ಯಕ್ಕೊಂದು ರಜೆ, ರಾಜ್ಯಕ್ಕೊಂದು ಬಲೆಯ ಕಣ್ಣು ಎಂಬ ವ್ಯವಸ್ಥೆ ಈ ಮೀನಿಗೆ ಹೊಂದುವುದಿಲ್ಲವೆಂದು ನನ್ನ ಅಭಿಪ್ರಾಯ.

ಕೆರೆಯಲ್ಲಿ ಮೀನು ಸಾಕುವ ರೈತರಿಗೂ ಇದರಲ್ಲಿ ಪಾಠವಿದೆ. ಮರಿ ಕೊಳ್ಳುವಾಗ ತಾಯಿಮೀನನ್ನು ಎಲ್ಲಿಂದ ತಂದದ್ದು, ಎಷ್ಟು ವರ್ಷಗಳಿಂದ ಅದೇ ದಾಸ್ತಾನಿನಲ್ಲಿ ಮರಿ ಮಾಡಿಸುತ್ತಿದ್ದಾರೆ ಎಂದು ವಿಚಾರಿಸಿ. ಹತ್ತಿರದ ಸಂಬಂಧದಲ್ಲೇ ಮರಿ ಮಾಡಿಸುತ್ತ ಹೋದರೆ ಬೆಳವಣಿಗೆ ಕುಂಠಿತವಾಗುತ್ತದೆ, ರೋಗ ಹೆಚ್ಚುತ್ತದೆ. ಬಿ.ಆರ್. ಪ್ರಾಜೆಕ್ಟ್‌ನ ಮೀನುಮರಿ ಕೇಂದ್ರದಂಥ ಇಲಾಖೆಯ ಕೇಂದ್ರಗಳಲ್ಲಿ ಈ ಮಾಹಿತಿ ಕೇಳಲು ಸಂಕೋಚ ಬೇಡ.

ಡೇ ಅವರ ಕಾಲದ ತರುವಾಯ ನಮ್ಮ ಸೀಮೆಯ ಮೀನುಗಳ ಅಧ್ಯಯನ ಕನ್ನಡಿಗರ ಕೈಗೆ ಬಂದಿತು. ಬಿ.ಎಸ್. ಭೀಮಾಚಾರ್ ಮತ್ತು ಎ. ಸುಬ್ಬರಾವ್ 1941ರಲ್ಲಿ ಅಂದಿನ ಕಡೂರು ಜಿಲ್ಲೆಯ ಮೀನುಗಳ ಪಟ್ಟಿ ಪ್ರಕಟಿಸಿದರು. ಅದೇ ಭೀಮಾಚಾರ್ ಮುಂದೆ ಪಶ್ಚಿಮ ಕಡಲಿನಲ್ಲಿ ನೀರು ಕೆಂಪಾಗಿ ಮೀನು ದೂರವಾಗುವ ವಿದ್ಯಮಾನವನ್ನು ಅಧ್ಯಯನ ಮಾಡಿದರು. ಕಾರ್ಖಾನೆಗಳ ತ್ಯಾಜ್ಯ ಭದ್ರಾವತಿಯ ಬಳಿ ಭದ್ರಾ ಹೊಳೆಯ ಮೀನಿಗೆ ಮಾಡಿದ ಹಾನಿ 1950ರ ದಶಕದಲ್ಲೇ ವಿಜ್ಞಾನ ಪತ್ರಿಕೆಯಲ್ಲಿ ದಾಖಲಾಯಿತು. ಬಲೆ, ಕೂಳಿ, ಒಡ್ಡುಗಳ ಲೆಕ್ಕ ಹಾಕಿದ ಡೇ ಅವರ ಪಟ್ಟಿಯಲ್ಲಿ ಇರದ ಆಪತ್ತು ಇದು.

ಡೇ ಅವರ ಕೊನೆಯ ವರ್ಷಗಳು ಬರವಣಿಗೆಯಲ್ಲೇ ಕಳೆದವು. ಬ್ರಿಟಿಷ್ ಭಾರತದ ಪ್ರಾಣಿಸಂಪತ್ತಿನ ಮಾಲೆಗಾಗಿ ಅವರು ಸಿದ್ಧಪಡಿಸಿದ ಎರಡು ಸಂಪುಟಗಳಲ್ಲಿ 1,418 ಜಾತಿಯ ಮೀನುಗಳ ವರ್ಣನೆಯಿದೆ. ಅವು ಪ್ರಕಟವಾದ 1889ರಲ್ಲಿಯೇ, ಜುಲೈ 10ರಂದು, ಡೇ ಚೆಲ್ಟನ್‌ಹ್ಯಾಮ್‌ನಲ್ಲಿ ನಿಧನರಾದರು. ಅವರು ಸಂಗ್ರಹಿಸಿದ ಮೀನುಗಳಲ್ಲಿ ದೊಡ್ಡ ಪಾಲು ಲಂಡನ್ನಿನಲ್ಲೂ ಉಳಿಯಲಿಲ್ಲ, ಕಲ್ಕತ್ತದಲ್ಲೂ ಉಳಿಯಲಿಲ್ಲ. ಗುಂಥರ್ ಅವರೊಂದಿಗಿನ ಮನಸ್ತಾಪದ ನಡುವೆ, 1883ರಲ್ಲಿ ಲಂಡನ್ನಿನಲ್ಲಿ ನಡೆದ ಮೀನುಗಾರಿಕೆ ಪ್ರದರ್ಶನಕ್ಕೆ ಬಂದಿದ್ದ ಆಸ್ಟ್ರೇಲಿಯನ್ ಮ್ಯೂಸಿಯಂನ ಮುಖ್ಯಸ್ಥರಿಗೆ ಅವರು ಅದನ್ನು ಮಾರಿಬಿಟ್ಟರು. ಆದ್ದರಿಂದಲೇ ನಮ್ಮ ಘಟ್ಟದ ಹೊಳೆಗಳ ಮೀನಿನ ಗುರುತು ಇತ್ಯರ್ಥಪಡಿಸಬೇಕಾದ ಸಂಶೋಧಕರು ಇಂದಿಗೂ ಹಲವು ಬಾರಿ ಸಿಡ್ನಿಯ ಗಾಜಿನ ಭರಣಿಗಳನ್ನೇ ನೋಡಬೇಕಾಗಿದೆ.